ದುಡ್ಡು ಖರ್ಚು ಮಾಡ್ದೆ ಇಷ್ಟದ ಕಲಾವಿದರಿಗೆ ಸಪೋರ್ಟ್ ಮಾಡೋದು ಹೇಗೆ

ಒಬ್ರು ಹಾಡ್ತಾರೆ, ಇನ್ನೊಬ್ರು ಚಿತ್ರ ಬರೀತಾರೆ, ಮತ್ತೊಬ್ರು ಕಥೆ ಬರೀತಾರೆ, ನಮಗೆ ಅವರ ಕೆಲ್ಸ ಅಂದ್ರೆ ಪ್ರಾಣ, ಆದ್ರೆ ಟಿಕೆಟ್ ತಗೊಳ್ಳೋಕೆ, ಪುಸ್ತಕ ಕೊಳ್ಳೋಕೆ ಈಗ ಕೈಯಲ್ಲಿ ದುಡ್ಡಿಲ್ಲ. ಇಂಥ ಟೈಮಲ್ಲಿ ತುಂಬಾ ಜನ ಒಂದು ಲೈಕ್ ಒತ್ತಿ ಮುಂದೆ ಹೋಗ್ತಾರೆ, ಒಳಗೊಳಗೇ ಒಂಥರಾ ಮುಜುಗರ ಬೇರೆ, ಏನೂ ಕೊಡ್ದೆ ಬರೀ ತಗೋತಾನೇ ಇದೀನಲ್ಲ ಅಂತ. ಆ ಮುಜುಗರ ಬಿಟ್ಬಿಡಿ. ಕಲಾವಿದರಿಗೆ ದುಡ್ಡು ಬೇಕೇ ಬೇಕು, ಎಷ್ಟು ಹೊಗಳಿದ್ರೂ ಅದರಿಂದ ಮನೆ ಬಾಡಿಗೆ ಕಟ್ಟೋಕಾಗಲ್ಲ, ಅದು ನಿಜ. ಆದ್ರೆ ದುಡ್ಡು ಕೊಡೋ ಜನ ಅವರ ಹತ್ರ ಬರ್ಬೇಕು ಅಂದ್ರೆ ಮೊದ್ಲು ಆ ಕೆಲ್ಸ ಯಾರದ್ದು ಅಂತ ಜನಕ್ಕೆ ಗೊತ್ತಾಗ್ಬೇಕಲ್ಲ, ನಾವು ಕೈಜೋಡಿಸ್ಬೋದಾದ ಜಾಗ ಅದೇ. ಕೆಲ್ಸ ಎಲ್ಲೆಲ್ಲಿ ಹೋಗತ್ತೋ ಅಲ್ಲೆಲ್ಲ ಮಾಡಿದವರ ಹೆಸರೂ ಜೊತೆಗೆ ಹೋಗೋ ಹಾಗೆ ನೋಡ್ಕೊಳ್ಳೋದು. ಇಲ್ಲಿ ಹೇಳ್ತಿರೋ ಹೆಚ್ಚಿನ ವಿಷಯಗಳೆಲ್ಲ ಇದರ ಸುತ್ತಾನೇ ಇವೆ.

ಫೈಲ್ ಬೇಡ, ಲಿಂಕ್ ಕಳಿಸಿ

ಮೊದ್ಲು ತೀರಾ ಸುಲಭದ್ದು ಹೇಳ್ತೀನಿ. ವಾಟ್ಸಾಪಲ್ಲಿ ಒಂದು ಚೆನ್ನಾಗಿರೋ ಹಾಡಿನ ವಿಡಿಯೋ ಬರತ್ತೆ, ನಾವು ಅದನ್ನ ಹಾಗೇ ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡ್ತೀವಿ. ಖುಷಿಯಿಂದಾನೇ ಮಾಡೋದು, ಆದ್ರೆ ಹಾಗೆ ಫೈಲಾಗಿ ಓಡಾಡೋ ವಿಡಿಯೋನ ಎಷ್ಟು ಜನ ನೋಡಿದ್ರೂ ಹಾಡಿದವರ ಚಾನೆಲ್ಲಲ್ಲಿ ಒಂದು ವ್ಯೂ ಕೂಡ ಏರಲ್ಲ, ಯಾರು ಹಾಡಿದ್ದು ಅಂತಾನೂ ಗೊತ್ತಾಗಲ್ಲ, ಎರಡು ಮೂರು ಫಾರ್ವರ್ಡ್ ಆಗೋಷ್ಟರಲ್ಲಿ ಅದು ಯಾರದ್ದೋ ಹಾಡಾಗಿ ಹೋಗಿರತ್ತೆ. ಅದಕ್ಕೇ ಅಂಥದ್ದು ಬಂದಾಗ ಎರಡು ನಿಮಿಷ ಹುಡುಕಿ, ಅವರದ್ದೇ ಚಾನೆಲ್ ಅಥವಾ ಪೇಜಿನ ಲಿಂಕ್ ಹುಡುಕಿ, ಫೈಲ್ ಬದ್ಲು ಅದನ್ನ ಕಳಿಸಿ, ಮೇಲೆ ಹೆಸರು ಟೈಪ್ ಮಾಡಿ.

ಒಂದೊಂದು ವ್ಯೂಗೂ ಯಾಕೆ ಅಷ್ಟು ಬೆಲೆ ಅಂದ್ರೆ, ಯೂಟ್ಯೂಬಲ್ಲಿ ಜಾಹೀರಾತಿನ ಪಾಲು ಸಿಗ್ಬೇಕಾದ್ರೆ ಚಾನೆಲ್ಲಿಗೆ 1000 ಸಬ್‌ಸ್ಕ್ರೈಬರ್ಸ್ ಇರ್ಬೇಕು, ಅದರ ಜೊತೆ ಹಿಂದಿನ 12 ತಿಂಗಳಲ್ಲಿ ಜನ ಒಟ್ಟು 4000 ಗಂಟೆ ನೋಡಿರ್ಬೇಕು, ಇಲ್ಲಾಂದ್ರೆ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂ ಬಂದಿರ್ಬೇಕು. ಶಾರ್ಟ್ಸ್ ಫೀಡಲ್ಲಿ ನೋಡಿದ ಟೈಮು ಆ 4000 ಗಂಟೆ ಲೆಕ್ಕಕ್ಕೆ ಸೇರಲ್ಲ. ಹಾಗಾಗಿ ಸಣ್ಣ ಚಾನೆಲ್ ನಡೆಸೋರಿಗೆ ನೀವು ಒಂದು ಉದ್ದದ ವಿಡಿಯೋನ ಕೊನೇವರೆಗೂ ಕೂತು ನೋಡಿದ್ರೆ ಅದು ದೊಡ್ಡ ಸಹಾಯಾನೇ. ಅಡುಗೆ ಮಾಡ್ತಾ, ಬಟ್ಟೆ ಮಡಚ್ತಾ ಹೇಗೂ ಏನೋ ಒಂದು ಹಾಕ್ಕೋತೀರಲ್ಲ, ಅವರದ್ದೇ ಹಾಕಿ. ಆಡ್ ಬ್ಲಾಕರ್ ಇಟ್ಟಿದ್ರೆ ಅವರ ಚಾನೆಲ್ಲಿಗೆ ಮಾತ್ರ ಆಫ್ ಮಾಡಿ, ಜಾಹೀರಾತು ಬರ್ಲಿ ಬಿಡಿ, ನೋಡಿ.

ಸ್ಟ್ರೀಮಿಂಗ್ ವಿಷಯ

ಸ್ಪಾಟಿಫೈನಲ್ಲಿ ಒಂದು ಹಾಡು ಕನಿಷ್ಠ 30 ಸೆಕೆಂಡ್ ಓಡಿದ್ರೆ ಮಾತ್ರ ಅದು ಒಂದು ಸ್ಟ್ರೀಮ್ ಅಂತ ಲೆಕ್ಕ. ಇನ್ನೊಂದು ನಿಯಮ 2024ರಿಂದ ಬಂದಿದೆ, ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗ್ದೆ ಇರೋ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ ಬರೋದೇ ಇಲ್ಲ. ದೊಡ್ಡ ಹೆಸರಿನವರಿಗೆ ಇದು ಲೆಕ್ಕಕ್ಕೇ ಇಲ್ಲ, ಆದ್ರೆ ಹೊಸದಾಗಿ ಹಾಡು ಬಿಡೋ ಹುಡುಗ ಹುಡುಗೀರಿಗೆ ಆ 1000 ದಾಟೋದೇ ಒಂದು ಹೋರಾಟ. ಅವರ ಹಾಡಲ್ಲಿ ನಿಮಗೆ ಇಷ್ಟ ಆಗಿದ್ದನ್ನ ನಿಮ್ಮ ಪ್ಲೇಲಿಸ್ಟಿಗೆ ಸೇರಿಸ್ಕೊಳ್ಳಿ, ಸೇವ್ ಮಾಡಿ, ಆರ್ಟಿಸ್ಟನ್ನ ಫಾಲೋ ಮಾಡಿ, ಆಗ ಮುಂದಿನ ಹಾಡು ಬಂದಾಗ ಆ್ಯಪ್ ತಾನಾಗೇ ನಿಮ್ಮ ಮುಂದೆ ತಂದಿಡತ್ತೆ, ನೀವು ನೆನಪಿಟ್ಕೊಂಡು ಹುಡುಕೋ ಕೆಲ್ಸ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ಪ್ರೀತಿ ಹೆಚ್ಚಾಗಿ ಕೆಲವರು ರಾತ್ರಿಯೆಲ್ಲ ಸೌಂಡ್ ಮ್ಯೂಟ್ ಮಾಡಿ ಒಂದೇ ಹಾಡನ್ನ ಲೂಪಲ್ಲಿ ಹಾಕಿ ಮಲಗ್ತಾರೆ, ನಾಲ್ಕೈದು ಫೋನಲ್ಲಿ ಓಡಿಸ್ತಾರೆ. ಇದು ಕಲಾವಿದರಿಗೇ ತಿರುಗಿ ಹೊಡೆಯತ್ತೆ. ಕೃತಕ ಸ್ಟ್ರೀಮ್ ಅಂತ ಗೊತ್ತಾದ್ರೆ ಸ್ಪಾಟಿಫೈ ಅದನ್ನ ಲೆಕ್ಕದಿಂದ ತೆಗೆಯತ್ತೆ, ತುಂಬಾ ಜಾಸ್ತಿ ಇದ್ರೆ ಲೇಬಲ್‌ಗೆ ಅಥವಾ ಹಾಡನ್ನ ಆ್ಯಪಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್‌ಗೆ ದಂಡ ಹಾಕತ್ತೆ, ಅಂಥ ಕೇಸಲ್ಲಿ ಹಾಡೇ ತೆಗೆದುಹಾಕ್ಬಿಡೋ ಸಾಧ್ಯತೆನೂ ಇದೆ. ಏನೂ ಅರಿಯದ ಹಾಡುಗಾರ್ತಿ ಕೂತು ಎಲ್ಲರಿಗೂ ಉತ್ತರ ಕೊಡ್ಬೇಕು. ಮನಸಾರೆ ಕೇಳಿ, ಅಷ್ಟು ಸಾಕು. ಫೇಕ್ ಫಾಲೋವರ್ಸ್ ಕೊಡಿಸೋ ಸೈಟಿಗೆ ಅವರ ಹೆಸರು ಕೊಡೋದೂ ಇದೇ ಜಾತಿಯ ಉಪಕಾರ, ಬೇಡ.

ಕಲಾವಿದರೇ ತಮ್ಮ ಹಾಡು ಮಾರೋ ಬ್ಯಾಂಡ್‌ಕ್ಯಾಂಪ್ ಅನ್ನೋ ಸೈಟಲ್ಲಿ ಅವರು ಇದ್ರೆ ಅಲ್ಲಿ ಫಾಲೋ ಮಾಡಿ, ವಿಶ್‌ಲಿಸ್ಟಿಗೆ ಹಾಕಿಡಿ. ನಾಳೆ ಕೈಯಲ್ಲಿ ದುಡ್ಡು ಬಂದಾಗ ಎಲ್ಲಿಂದ ಶುರು ಮಾಡ್ಬೇಕು ಅಂತ ನಿಮಗೇ ಗೊತ್ತಿರತ್ತೆ.

ಹೆಸರು ಕಳ್ಕೊಂಡ ಚಿತ್ರಕ್ಕೆ ಹೆಸರು ಹುಡುಕಿ ಕೊಡಿ

ಚಿತ್ರ ಬರೆಯೋರಿಗೆ, ಫೋಟೋ ತೆಗೆಯೋರಿಗೆ ಆಗೋ ಅನ್ಯಾಯ ಬೇರೆ ಯಾರಿಗೂ ಇಷ್ಟು ಆಗಲ್ಲ ಅನ್ಸತ್ತೆ ನಂಗೆ. ಯಾವುದೋ ಪೇಜಿನವರು ಮೂಲೇಲಿರೋ ಸಹಿ ಕ್ರಾಪ್ ಮಾಡಿ, ಮೇಲೊಂದು ಸುವಿಚಾರ ಬರೆದು ಹಾಕ್ತಾರೆ, ಸಾವಿರಾರು ಶೇರ್ ಆಗತ್ತೆ, ವಾರಗಟ್ಟಲೆ ಕೂತು ಬರೆದವರಿಗೆ ಒಬ್ಬ ಫಾಲೋವರ್ ಕೂಡ ಸಿಗಲ್ಲ. ಮಾಡಿದವರ ಹೆಸರು ಕೆಲ್ಸದ ಜೊತೆ ಇರ್ಬೇಕು ಅನ್ನೋದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ಅದು ಹಕ್ಕು. ಲೇಖಕರ, ಕಲಾವಿದರ ಹಕ್ಕುಗಳ ಬಗ್ಗೆ 1886ರಲ್ಲಿ ಆದ ಬರ್ನ್ ಒಪ್ಪಂದಕ್ಕೆ 1928ರಲ್ಲಿ ಈ ಮಾತನ್ನ ಸೇರಿಸಿದಾರೆ, ಕೃತಿ ಮಾರಿಬಿಟ್ಟ ಮೇಲೂ ಇದು ನನ್ನದು ಅಂತ ಹೇಳ್ಕೊಳ್ಳೋ ಹಕ್ಕು ಮಾಡಿದವರಿಗೇ ಉಳಿಯತ್ತೆ.

ನೀವು ಮಾಡ್ಬೋದಾದ್ದು ಇಷ್ಟು. ಹೆಸರಿಲ್ಲದ ಚಿತ್ರ ಕಣ್ಣಿಗೆ ಬಿದ್ದಾಗ ಮೊದ್ಲು ಝೂಮ್ ಮಾಡಿ ಮೂಲೆಗಳನ್ನ ನೋಡಿ, ಸಹಿ ಅರ್ಧಂಬರ್ಧ ಉಳಿದಿರತ್ತೆ. ಸಿಗ್ಲಿಲ್ವಾ, ಗೂಗಲ್ ಲೆನ್ಸಿಗೆ ಕೊಡಿ, ಇಲ್ಲಾ ಟಿನ್‌ಐ ಅನ್ನೋ ಸೈಟಿಗೆ ಹಾಕಿ, ಎರಡೂ ಫ್ರೀ. ಟಿನ್‌ಐನಲ್ಲಿ ಬಂದ ರಿಸಲ್ಟನ್ನ ಹಳೇದು ಮೊದಲು ಅಂತ ಜೋಡಿಸ್ಕೋಬೋದು, ಮೊಟ್ಟಮೊದ್ಲು ಎಲ್ಲಿ ಕಾಣಿಸ್ಕೊಂಡಿತ್ತು ಅಂತ ಹುಡುಕೋಕೆ ಅದು ತುಂಬಾ ಉಪಯೋಗ. ಹಾಗಂತ ಹಳೇ ರಿಸಲ್ಟೇ ಮೂಲ ಅಂತ ಗ್ಯಾರಂಟಿ ಏನಿಲ್ಲ, ಆ ಪೇಜಿಗೆ ಹೋಗಿ ಅವರ ಬೇರೆ ಕೆಲ್ಸಗಳನ್ನ ನೋಡಿ, ಕೈ ಒಂದೇ ಥರ ಇದ್ಯಾ, ಅರ್ಧ ಮುಗಿದ ಸ್ಕೆಚ್ಚುಗಳಿದ್ಯಾ ಅಂತ. ಖಾತ್ರಿ ಆದ್ಮೇಲೆ ಆ ಪೋಸ್ಟಿನ ಕೆಳಗೆ ಬಂದು, ಇದನ್ನ ಬರೆದವರು ಇಂಥವರು, ಅವರ ಪೇಜ್ ಇಲ್ಲಿದೆ ಅಂತ ಒಂದು ಸಾಲು ಹಾಕಿ. ಜಗಳದ ದನಿ ಬೇಡ. ಎಷ್ಟೋ ಸಲ ಪೇಜ್ ನಡೆಸೋರಿಗೂ ಗೊತ್ತಿರಲ್ಲ, ಮೆತ್ತಗೆ ಹೇಳಿದ್ರೆ ಹೆಸರು ಸೇರಿಸ್ತಾರೆ, ಸೇರಿಸ್ದೆ ಇದ್ರೂ ಕಾಮೆಂಟ್ ಓದೋ ನಾಲ್ಕು ಜನಕ್ಕೆ ದಾರಿ ಸಿಗತ್ತೆ.

ಅದೇ ಚಿತ್ರನ ಯಾರಾದ್ರೂ ಟೀಶರ್ಟ್ ಮೇಲೆ ಪ್ರಿಂಟ್ ಹಾಕಿ ಮಾರ್ತಿರೋದು ಕಂಡ್ರೆ, ಅಥವಾ ಪುಸ್ತಕದ ಪಿಡಿಎಫ್ ಎಲ್ಲೋ ಹಂಚ್ತಿದ್ರೆ, ನೀವೇ ಯುದ್ಧಕ್ಕೆ ಇಳೀಬೇಡಿ. ಕಾಪಿರೈಟ್ ದೂರು ಕೊಡೋದಕ್ಕೆ ಹಕ್ಕಿರೋದು ಹೆಚ್ಚಿನ ಕಡೆ ಹಕ್ಕುದಾರರಿಗೆ ಅಥವಾ ಅವರ ಪರವಾಗಿ ಅಧಿಕಾರ ಇರೋರಿಗೆ ಮಾತ್ರ. ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಸಮೇತ ಕಲಾವಿದರಿಗೇ ಮೆಸೇಜ್ ಮಾಡಿ. ಅವರ ಹೆಸರಲ್ಲಿ ನಕಲಿ ಅಕೌಂಟ್ ಕಂಡಾಗಲೂ ಹೀಗೇ.

ಒಂದು ಒಳ್ಳೆ ಮಾತು ಬರೆಯೋದು ಹೇಗೆ

ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಎಲ್ಲರ ಕೈಲೂ ಆಗೋದು ಇದು, ಆದ್ರೂ ಸರಿಯಾಗಿ ಮಾಡೋರು ಕಮ್ಮಿ. ಸೂಪರ್, ವಾವ್, ಬೆಂಕಿ ಅಂತ ಹಾಕಿದ್ರೆ ತಪ್ಪೇನಿಲ್ಲ, ಆದ್ರೆ ಅದನ್ನ ಯಾವ ಪೋಸ್ಟಿನ ಕೆಳಗೆ ಬೇಕಾದ್ರೂ ಹಾಕ್ಬೋದು. ಕಲಾವಿದರು ತಿಂಗಳುಗಟ್ಟಲೆ ಒಬ್ಬರೇ ಕೂತು, ಈ ಸಾಲು ಇರ್ಲಾ ಬೇಡ್ವಾ, ಈ ಬಣ್ಣ ಸರಿನಾ ಅಂತ ಒದ್ದಾಡಿರ್ತಾರೆ, ಆ ಒದ್ದಾಟ ಒಬ್ಬರಿಗಾದ್ರೂ ಕಂಡಿದ್ಯಾ ಅನ್ನೋದು ಅವರಿಗೆ ಬೇಕಾಗಿರತ್ತೆ. ಅದಕ್ಕೇ ಒಂದು ನಿರ್ದಿಷ್ಟ ಜಾಗ ತೋರಿಸಿ ಬರೀರಿ. ಕೊನೇ ಚರಣದಲ್ಲಿ ವಾದ್ಯ ಎಲ್ಲಾ ನಿಂತು ನಿಮ್ಮ ದನಿ ಒಂದೇ ಉಳಿಯತ್ತಲ್ಲ, ಅಲ್ಲಿ ನಾನು ಕೈಲಿದ್ದ ಕೆಲ್ಸ ನಿಲ್ಲಿಸಿಬಿಟ್ಟೆ, ಅಂತ ಬರೆದ್ರೆ ಅದು ಆ ಹಾಡಿಗೆ ಮಾತ್ರ ಸಲ್ಲೋ ಮಾತು. ಕಥೆಯಾದ್ರೆ ಯಾವ ಪಾತ್ರ ಓದಿ ಮುಗಿಸಿದ್ಮೇಲೂ ತಲೇಲಿ ಉಳೀತು ಅಂತ ಬರೀರಿ. ಕುಣಿತ, ನಾಟಕ ಆದ್ರೆ ಯಾವ ಗಳಿಗೇಲಿ ಜನ ಉಸಿರು ಬಿಗಿ ಹಿಡಿದ್ರು ಅಂತ ಹೇಳಿ, ವೇದಿಕೆ ಮೇಲಿದ್ದವರಿಗೆ ಬೆಳಕು ಕಣ್ಣಿಗೆ ಹೊಡೀತಿರತ್ತೆ, ಅವರಿಗೆ ನಮ್ಮ ಮುಖ ಕಂಡಿರಲ್ಲ.

ಬರೀವಾಗ ಇನ್ನೊಬ್ಬರ ಜೊತೆ ಹೋಲಿಸ್ಬೇಡಿ, ನೀವು ಥೇಟ್ ಇಂಥವರ ಥರಾನೇ ಅನ್ನೋದು ಹೊಗಳಿಕೆ ಅಂತ ನಮಗೆ ಅನ್ಸತ್ತೆ, ಅವರಿಗೆ ಅದು ಚುಚ್ಚಬೋದು. ಕೇಳ್ದೆ ಸಲಹೆ ಕೊಡ್ಬೇಡಿ. ಉತ್ತರ ಬರ್ಲೇಬೇಕು ಅಂತ ಕಾಯ್ಬೇಡಿ, ಬರ್ದೇ ಇದ್ರೆ ಎರಡನೇ ಮೆಸೇಜಲ್ಲಿ ನೆನಪಿಸೋದೂ ಬೇಡ. ಸಾರ್ವಜನಿಕವಾಗಿ ಕಾಮೆಂಟಲ್ಲಿ ಬರೆದ್ರೆ ಬೇರೆಯವರೂ ಓದ್ತಾರೆ, ಅದು ಒಳ್ಳೇದೇ, ಆದ್ರೆ ನಿಮ್ಮ ಮನೆ ವಿಷಯ ಏನಾದ್ರೂ ಸೇರಿದ್ರೆ ಖಾಸಗಿಯಾಗಿ ಈಮೇಲ್ ಕಳಿಸಿ.

ವಿನ್ಸೆಂಟ್ ವ್ಯಾನ್ ಗೋ ಬಗ್ಗೆ ಎಲ್ಲರಿಗೂ ಗೊತ್ತು, ಬದುಕಿದ್ದಾಗ ಅವರ ಚಿತ್ರಗಳನ್ನ ಗುರುತಿಸಿದವರು ತುಂಬಾ ಕಮ್ಮಿ. 1890ರ ಜನವರೀಲಿ ಆಲ್ಬೇರ್ ಒರಿಯೆ ಅನ್ನೋ ಯುವ ವಿಮರ್ಶಕ ಒಂದು ಪತ್ರಿಕೇಲಿ ಅವರ ಬಗ್ಗೆ ಮನಸು ಬಿಚ್ಚಿ ಬರೆದ್ರು. ವ್ಯಾನ್ ಗೋ ಅದನ್ನ ಓದಿ ವಾಪಸ್ ಥ್ಯಾಂಕ್ಸ್ ಹೇಳಿ ಕಾಗದ ಬರೆದ್ರು, ಒಂದು ಚಿತ್ರಾನೂ ಉಡುಗೊರೆ ಕೊಟ್ರು. ಅದೇ ಜುಲೈನಲ್ಲಿ ಅವರು ತೀರಿಕೊಂಡ್ರು. ಆ ಲೇಖನ ಒಂದು ವರ್ಷ ತಡ ಆಗಿದ್ರೆ ಅದನ್ನ ಅವರು ನೋಡ್ತಾನೇ ಇರ್ಲಿಲ್ಲ ಅನ್ನೋದು ನೆನೆಸ್ಕೊಂಡಾಗೆಲ್ಲ ನಂಗೆ ಹೊಟ್ಟೇಲಿ ಒಂಥರಾ ಆಗತ್ತೆ. ಹಾಗಾಗಿ ಬರೀಬೇಕು ಅನ್ಸಿದ್ರೆ ಅವತ್ತೇ ಬರೀರಿ.

ಊರಿಗೆಲ್ಲ ಹೇಳೋ ಬದ್ಲು ಒಬ್ಬರಿಗೆ ಹೇಳಿ

ಸ್ಟೋರಿ ಹಾಕಿ ಎಲ್ಲರೂ ಇವರನ್ನ ಫಾಲೋ ಮಾಡಿ ಅಂದ್ರೆ ಎಷ್ಟು ಜನ ಮಾಡ್ತಾರೆ ಹೇಳಿ. ಅದರ ಬದ್ಲು, ಈ ಹಾಡು ನಮ್ಮ ಅತ್ತಿಗೆಗೆ ಹಿಡಿಸತ್ತೆ, ಈ ಕಾಮಿಕ್ಸು ಆಫೀಸಲ್ಲಿ ಪಕ್ಕದ ಸೀಟಿನವರಿಗೆ ಸರಿಹೋಗತ್ತೆ ಅಂತ ಯೋಚ್ನೆ ಮಾಡಿ ಒಬ್ಬರಿಗೇ ಕಳಿಸಿ, ಯಾಕೆ ನಿಮಗೇ ಕಳಿಸ್ತಿದೀನಿ ಅಂತ ಒಂದು ಸಾಲು ಬರೀರಿ. ಇಡೀ ಪ್ರೊಫೈಲ್ ಕಳಿಸ್ಬೇಡಿ, ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗ್ದೆ ಅವರು ಮುಚ್ಚಿಡ್ತಾರೆ, ಒಂದೇ ಒಂದು ಕೃತಿ ಕಳಿಸಿ. ಯೂಟ್ಯೂಬಲ್ಲಿ ಶೇರ್ ಮಾಡೋವಾಗ ಎಷ್ಟನೇ ನಿಮಿಷದಿಂದ ಶುರುವಾಗ್ಬೇಕು ಅಂತ ಆಯ್ಕೆ ಮಾಡ್ಬೋದು, ಉದ್ದದ ಕಛೇರಿಯಾದ್ರೆ ಇದು ತುಂಬಾ ಕೆಲ್ಸಕ್ಕೆ ಬರತ್ತೆ. ಇನ್‌ಸ್ಟಾಗ್ರಾಮಲ್ಲೂ ಹೀಗೆ ಒಬ್ಬರಿಂದ ಒಬ್ಬರಿಗೆ ಖಾಸಗಿ ಮೆಸೇಜಲ್ಲಿ (ಡಿಎಂ) ಹೋಗೋ ಶೇರುಗಳಿಗೆ ಒಳ್ಳೇ ತೂಕ ಇದೆ ಅಂತ ಅದರ ಮುಖ್ಯಸ್ಥರಾದ ಆಡಮ್ ಮೊಸ್ಸೆರಿನೇ ಹೇಳಿದಾರೆ, ಅಂದ್ರೆ ನೀವು ಒಬ್ಬರಿಗೆ ಕಳಿಸಿದ್ದು ಹೊಸಬರ ಫೀಡಿಗೂ ಹೋಗೋಕೆ ಸಹಾಯ ಆಗತ್ತೆ.

ಮತ್ತೆ ಇದು ಒಂದು ಸಲಕ್ಕೆ ಮುಗಿಯೋ ಕೆಲ್ಸ ಅಲ್ಲ. ವ್ಯಾನ್ ಗೋ ಸತ್ತು ಆರು ತಿಂಗಳಿಗೆ ತಮ್ಮ ಥಿಯೋನೂ ಹೋದ್ರು, ಆಗ ಥಿಯೋ ಹೆಂಡತಿ ಯೋಹಾನಾ ಕಂಕುಳಲ್ಲಿ ಕೂಸು, ಮನೆ ತುಂಬಾ ಯಾರಿಗೂ ಬೇಡದ ಚಿತ್ರಗಳು ಇಟ್ಕೊಂಡು ಉಳಿದ್ರು. ಆಯಮ್ಮ ವರ್ಷಗಟ್ಟಲೆ ಆ ಚಿತ್ರಗಳನ್ನ ಪ್ರದರ್ಶನಗಳಿಗೆ ಕೊಡ್ತಾ, ವಿಮರ್ಶಕರ ಜೊತೆ, ಮಾರೋರ ಜೊತೆ ಮಾತಾಡ್ತಾ ಬಂದ್ರು, 1905ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ದೊಡ್ಡ ಪ್ರದರ್ಶನ ಮಾಡಿಸಿದ್ರು, 1914ರಲ್ಲಿ ಅಣ್ಣತಮ್ಮಂದಿರ ಕಾಗದಗಳನ್ನ ಪುಸ್ತಕ ಮಾಡಿ ತಂದ್ರು. ಇವತ್ತು ಆ ಹೆಸರು ನಮಗೆ ಗೊತ್ತಿರೋದರಲ್ಲಿ ಆಯಮ್ಮನ ಪಾಲು ತುಂಬಾ ದೊಡ್ಡದು. ನಾವು ಅಷ್ಟು ಮಾಡ್ಬೇಕಿಲ್ಲ, ಆದ್ರೆ ಆರು ತಿಂಗಳು ಬಿಟ್ಟು ಅದೇ ಹೆಸರನ್ನ ಇನ್ನೊಬ್ಬರಿಗೆ ಹೇಳೋಕೇನು ಕಷ್ಟ.

ಬರಹಗಾರರಿಗೆ ಲೈಬ್ರರಿ ದಾರಿ

ಪುಸ್ತಕ ಕೊಳ್ಳೋಕಾಗಲ್ಲ ಅಂದ್ರೆ ಲೈಬ್ರರಿಗೆ ತರಿಸಿ. ತುಂಬಾ ಲೈಬ್ರರಿಗಳಲ್ಲಿ ಓದುಗರು ಪುಸ್ತಕ ಸೂಚಿಸೋಕೆ ಒಂದು ಫಾರಂ ಅಥವಾ ರಿಜಿಸ್ಟರ್ ಇರತ್ತೆ, ಇಲ್ಲದಿದ್ರೆ ಲೈಬ್ರರಿಯನ್ ಹತ್ರ ನೇರ ಕೇಳಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ಐಎಸ್‌ಬಿಎನ್ ಅನ್ನೋ ಪುಸ್ತಕದ ಗುರುತಿನ ನಂಬರ್ ಎಲ್ಲಾ ಬರೆದು ಕೊಟ್ರೆ ಅವರಿಗೆ ತರಿಸೋದು ಸಲೀಸು. ಬಂದ್ಮೇಲೆ ನೀವು ತಗೊಂಡು ಓದಿ, ಬೇರೆಯವರಿಗೂ ಹೇಳಿ, ಯಾರೂ ಮುಟ್ಟದ ಪುಸ್ತಕ ಅಂತಾದ್ರೆ ಆ ಲೇಖಕರ ಮುಂದಿನ ಪುಸ್ತಕ ತರಿಸೋಕೆ ಅವರು ಹಿಂದೆಮುಂದೆ ನೋಡ್ತಾರೆ. ಮೂವತ್ತಕ್ಕೂ ಹೆಚ್ಚು ದೇಶಗಳಲ್ಲಿ ಲೈಬ್ರರಿಯ ಪುಸ್ತಕಕ್ಕೂ ಲೇಖಕರಿಗೆ ಸರ್ಕಾರದಿಂದ ಒಂದಿಷ್ಟು ದುಡ್ಡು ಹೋಗೋ ಪದ್ಧತಿ ಇದೆ, ಮೊದ್ಲು ಶುರು ಮಾಡಿದ್ದು ಡೆನ್ಮಾರ್ಕ್, 1946ರಲ್ಲಿ. ಅಂಥ ಕಡೆ ಇರೋರಿಗೆ ಫ್ರೀಯಾಗಿ ಓದಿದ್ರೂ ಬರೆದವರಿಗೆ ಪಾಲು ತಲುಪತ್ತೆ.

ಓದಿದ್ಮೇಲೆ ಗುಡ್‌ರೀಡ್ಸ್ ಅನ್ನೋ ಓದುಗರ ಸೈಟಲ್ಲಿ ನಾಲ್ಕು ಸಾಲು ರಿವ್ಯೂ ಬರೀರಿ, ಅಲ್ಲಿ ಬರೆಯೋಕೆ ಕೊಂಡಿರ್ಬೇಕು ಅಂತೇನಿಲ್ಲ. ಕಥೆ ಪೂರ್ತಿ ಹೇಳ್ಬೇಡಿ, ಯಾವ ಥರದ ಓದುಗರಿಗೆ ಇದು ಇಷ್ಟ ಆಗತ್ತೆ ಅಂತ ಹೇಳಿ, ಇಷ್ಟ ಆಗ್ದೆ ಇರೋದಿದ್ರೆ ಅದನ್ನೂ ಹೇಳಿ, ಬರೀ ಹೊಗಳಿಕೆ ಇರೋ ರಿವ್ಯೂನ ಜನ ನಂಬಲ್ಲ.

ಗೊತ್ತಿರೋ ಕೆಲ್ಸ ಮಾಡಿಕೊಡಿ, ಆದ್ರೆ ಕೇಳಿ ಮಾಡಿ

ನಿಮಗೆ ಎರಡು ಭಾಷೆ ಚೆನ್ನಾಗಿ ಬರತ್ತಾ, ಸಬ್‌ಟೈಟಲ್ ಮಾಡಿ ಕೊಡಿ. ಮುಂಚೆ ಯೂಟ್ಯೂಬಲ್ಲಿ ನೋಡೋರೇ ಸಬ್‌ಟೈಟಲ್ ಸೇರಿಸೋ ವ್ಯವಸ್ಥೆ ಇತ್ತು, 2020ರ ಸೆಪ್ಟೆಂಬರಲ್ಲಿ ತೆಗೆದುಹಾಕಿದ್ರು. ಈಗ ಚಾನೆಲ್ಲಿನವರು ನಿಮಗೆ ಸಬ್‌ಟೈಟಲ್ ಎಡಿಟರ್ ಅಂತ ಪರ್ಮಿಷನ್ ಕೊಡ್ಬೋದು, ಇಲ್ಲಾಂದ್ರೆ ನೀವೇ ಎಸ್‌ಆರ್‌ಟಿ ಅನ್ನೋ ಒಂದು ಸಬ್‌ಟೈಟಲ್ ಫೈಲ್ ಮಾಡಿ ಈಮೇಲ್ ಮಾಡಿ. ಅದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ನೋಟ್‌ಪ್ಯಾಡ್ ಸಾಕು. ಒಂದು ಸಾಲಲ್ಲಿ ಕ್ರಮಸಂಖ್ಯೆ, ಅದರ ಕೆಳಗೆ 00:00:05,000 --> 00:00:08,000 ಈ ಥರ ಶುರು ಮತ್ತು ಕೊನೆ ಟೈಮು, ಅದರ ಕೆಳಗೆ ಮಾತು, ಆಮೇಲೆ ಒಂದು ಸಾಲು ಖಾಲಿ. ಇಷ್ಟೇ. ಕಿವಿ ಕೇಳಿಸದವರಿಗೂ, ಆ ಭಾಷೆ ಬಾರದವರಿಗೂ ಆ ಕೆಲ್ಸ ಹೊಸದಾಗಿ ತೆರ್ಕೊಳ್ಳತ್ತೆ, ದುಡ್ಡು ಕೊಟ್ಟು ಮಾಡಿಸೋಕೆ ಸಣ್ಣ ಕಲಾವಿದರ ಕೈಲಿ ಆಗಿರಲ್ಲ.

ಫೋಟೋ ತೆಗೆಯೋಕೆ ಬಂದ್ರೆ ಇನ್ನೂ ಒಳ್ಳೇದು. ಕಾರ್ಯಕ್ರಮದಲ್ಲಿ ಅನುಮತಿ ಕೇಳಿ ತೆಗೆದು, ಒಳ್ಳೇ ಹತ್ತು ಫೋಟೋ ಆರಿಸಿ ಪೂರ್ತಿ ಸೈಜಲ್ಲಿ ಅವರಿಗೆ ಕಳಿಸಿ, ಎಲ್ಲಿ ಬೇಕಾದ್ರೂ ಬಳಸ್ಕೊಳ್ಳಿ ಅಂತ ಬರೆದು ಕೊಡಿ. ಅಪ್ಲಿಕೇಶನ್ನು, ಪೋಸ್ಟರು, ಪತ್ರಿಕೆ, ಎಲ್ಲದಕ್ಕೂ ಅವರಿಗೆ ಫೋಟೋ ಬೇಕಾಗತ್ತೆ, ಇರೋದು ಫೋನಲ್ಲಿ ತೆಗೆದ ಮಸುಕು ಫೋಟೋ. ಅವರ ಬಗ್ಗೆ ವಿಕಿಪೀಡಿಯಾ ಪುಟ ಇದ್ದು ಅಲ್ಲಿ ಫೋಟೋ ಇಲ್ಲದಿದ್ರೆ, ನೀವೇ ತೆಗೆದ ಫೋಟೋನ ವಿಕಿಪೀಡಿಯಾದ ಫೋಟೋಗಳನ್ನ ಇಡೋ ವಿಕಿಮೀಡಿಯಾ ಕಾಮನ್ಸ್ ಸೈಟಿಗೆ ಹಾಕ್ಬೋದು. ಆದ್ರೆ ಅಲ್ಲಿ ಹಾಕಿದ ಫೋಟೋನ ಯಾರು ಬೇಕಾದ್ರೂ, ವ್ಯಾಪಾರಕ್ಕೂ ಬಳಸ್ಬೋದು, ಅದನ್ನ ಅವರಿಗೆ ಮೊದ್ಲೇ ತಿಳಿಸಿ ಒಪ್ಪಿಗೆ ತಗೊಳ್ಳಿ. ಅವರ ಪೇಂಟಿಂಗಿನ ಫೋಟೋ ಮಾತ್ರ ಅಲ್ಲಿ ಹಾಕ್ಬೇಡಿ, ಅದರ ಹಕ್ಕು ನಿಮ್ಮದಲ್ಲ. ಸಂಗೀತದವರಿಗೆ ಮ್ಯೂಸಿಕ್‌ಬ್ರೈನ್ಸ್, ಡಿಸ್ಕಾಗ್ಸ್ ಅಂತ ಸೈಟುಗಳಿವೆ, ಯಾವ ಹಾಡಲ್ಲಿ ಯಾರು ಯಾವ ವಾದ್ಯ ನುಡಿಸಿದ್ರು ಅಂತ ಅಲ್ಲಿ ಸೇರಿಸ್ಬೋದು, ಹಿಂದೆ ಕೂತು ನುಡಿಸಿದವರ ಹೆಸರು ಎಲ್ಲೂ ಇರಲ್ಲ, ಅಲ್ಲಾದ್ರೂ ಇರ್ಲಿ.

ಕೇಳಿ ಮಾಡಿ ಅಂದಿದ್ದು ಯಾಕಂದ್ರೆ, ಅವರಿಗೆ ಗೊತ್ತಿಲ್ದೆ ಲೋಗೋ ಮಾಡಿ, ಕಥೆ ತರ್ಜುಮೆ ಮಾಡಿ ಎಲ್ಲೋ ಹಾಕಿಬಿಟ್ರೆ ಅದು ಅವರಿಗೆ ತಲೆನೋವು. ಅವರ ಚಿತ್ರನ ಎಐ ಟೂಲಿಗೆ ಕೊಟ್ಟು ಇದೇ ಶೈಲೀಲಿ ಇನ್ನೊಂದು ಮಾಡ್ಕೊಡು ಅನ್ನೋದು, ಆಮೇಲೆ ನಿಮ್ಮ ಫ್ಯಾನ್ ನಾನು ಅಂತ ಅದನ್ನ ಅವರಿಗೇ ಕಳಿಸೋದು, ದಯವಿಟ್ಟು ಬೇಡ.

ಈಮೇಲ್ ಲಿಸ್ಟು, ಫ್ರೀ ಕಾರ್ಯಕ್ರಮ

ಅವರ ನ್ಯೂಸ್‌ಲೆಟರ್ ಇದ್ರೆ ಸೇರ್ಕೊಳ್ಳಿ, ಜಿಮೇಲಲ್ಲಿ ಅದು ಪ್ರಮೋಷನ್ಸ್ ಟ್ಯಾಬಿಗೆ ಬಿದ್ರೆ ಎಳೆದು ಪ್ರೈಮರಿಗೆ ಹಾಕಿ. ಆ್ಯಪುಗಳನ್ನ ನಂಬೋಕಾಗಲ್ಲ, ವೈನ್ ಅನ್ನೋ ಪುಟ್ಟ ವಿಡಿಯೋಗಳ ಆ್ಯಪ್ 2017ರಲ್ಲಿ ಮುಚ್ಚಿಹೋಯ್ತು, ಮೈಸ್ಪೇಸ್ ಅನ್ನೋ ಸೋಶಿಯಲ್ ಮೀಡಿಯಾ ಸೈಟಿನವರು ಸರ್ವರ್ ಬದ್ಲಾಯಿಸೋವಾಗ ಜನ ಹನ್ನೆರಡು ವರ್ಷ ಹಾಕಿದ್ದ ಹಾಡುಗಳೆಲ್ಲ ಅಳಿಸಿಹೋದ್ವು ಅಂತ 2019ರಲ್ಲಿ ಗೊತ್ತಾಯ್ತು. ಈಮೇಲ್ ಲಿಸ್ಟ್ ಒಂದಿದ್ರೆ ಕಲಾವಿದರು ಎಲ್ಲಿ ಹೋದ್ರೂ ತಮ್ಮ ಜನರನ್ನ ಕರ್ಕೊಂಡು ಹೋಗ್ಬೋದು. ಅವರ ಹಳೇ ವೆಬ್‌ಸೈಟ್ ಪುಟಗಳನ್ನ ನೀವು ವೆಬ್ ಪುಟಗಳ ಪ್ರತಿ ಕಾಪಿಡೋ ವೇಬ್ಯಾಕ್ ಮೆಷಿನ್ ಅನ್ನೋ ಸೈಟಿಗೆ ಹೋಗಿ ಲಿಂಕ್ ಹಾಕಿ ಸೇವ್ ಮಾಡಿ ಇಡ್ಬೋದು, ಅದಕ್ಕೆ ಅಕೌಂಟೂ ಬೇಡ.

ಪ್ರವೇಶ ಉಚಿತ ಇರೋ ಕಾರ್ಯಕ್ರಮ, ಪ್ರದರ್ಶನ, ಓದು ಏನಿದ್ರೂ ಹೋಗಿ, ಮುಂದಿನ ಸಾಲಲ್ಲಿ ಕೂತ್ಕೊಳ್ಳಿ, ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ. ಖಾಲಿ ಕುರ್ಚಿಗಳ ಎದುರು ಹಾಡೋದು ತುಂಬಾ ಕಷ್ಟ. ಮುಗಿದ್ಮೇಲೆ ಆಯೋಜಕರಿಗೆ ಒಂದು ಈಮೇಲ್ ಹಾಕಿ, ಇವರ ಹೆಸರು ಬರೆದು, ಇವರಿಗೋಸ್ಕರಾನೇ ಬಂದಿದ್ದೆ, ಮತ್ತೆ ಕರೆಸಿ ಅಂತ. ಮುಂದಿನ ಸಲ ಯಾರನ್ನ ಕರೀಬೇಕು ಅಂತ ಕೂತಾಗ ಅವರ ಮುಂದೆ ಅಂಥ ನಾಲ್ಕು ಈಮೇಲ್ ಇದ್ರೂ ಅದಕ್ಕೆ ಬೆಲೆ ಇದೆ. ಇಷ್ಟದ ಪಾಡ್‌ಕಾಸ್ಟ್, ರೇಡಿಯೋದವರಿಗೂ ಇವರನ್ನ ಮಾತಾಡಿಸಿ ಅಂತ ಹೀಗೇ ಬರೀಬೋದು.

ಇನ್ನು ಮಾಡ್ಬಾರ್ದ ಒಂದೆರಡು. ನಿಮಗೆ ಪ್ರಚಾರ ಸಿಗತ್ತೆ ಅಂತ ಹೇಳಿ ಫ್ರೀಯಾಗಿ ಚಿತ್ರ ಬರೆಸ್ಕೊಳ್ಳೋದು, ನಮ್ಮನೆ ಫಂಕ್ಷನ್ನಲ್ಲಿ ಸುಮ್ನೆ ಎರಡು ಹಾಡು ಹಾಡಿ ಅನ್ನೋದು ಬೇಡ. ಬೇರೆ ಯಾರಾದ್ರೂ ಅವರ ರೇಟ್ ನೋಡಿ ಇಷ್ಟೊಂದಾ ಅಂತ ಕಾಮೆಂಟ್ ಹಾಕಿದ್ರೆ, ಆ ಕೆಲ್ಸಕ್ಕೆ ಎಷ್ಟು ದಿನ ಹಿಡಿಯತ್ತೆ ಅಂತ ನೀವು ಒಂದು ಮಾತು ವಿವರಿಸಿ, ಆಗ ಕಲಾವಿದರು ತಮ್ಮ ಬೆಲೆನ ತಾವೇ ಸಮರ್ಥಿಸ್ಕೊಳ್ಳೋ ಕಷ್ಟ ತಪ್ಪತ್ತೆ. ಮತ್ತೆ ಅವರು ಒಂದಷ್ಟು ತಿಂಗಳು ಏನೂ ಹಾಕ್ದೆ ಸುಮ್ನಿದ್ರೆ, ಮುಂದಿನದು ಯಾವಾಗ ಅಂತ ಪ್ರತಿ ಪೋಸ್ಟಿನ ಕೆಳಗೆ ಕೇಳ್ಬೇಡಿ. ಹಳೇದರಲ್ಲಿ ಒಂದನ್ನ ತೆಗೆದು ಮತ್ತೆ ನೋಡಿ, ಈ ಸಲ ಏನು ಕಾಣಿಸ್ತು ಅಂತ ಅಲ್ಲೇ ಕೆಳಗೆ ಬರೀರಿ.